ಮಣ್ಣಿನ ಮಹಿಮೆಯೋ, ಬೆನ್ನಿನ ದುಡಿಮೆಯೋ?



ಫ್ರಾನ್ಸ್ ದೇಶದ ಪೂರ್ವಕ್ಕೆ ಬರ್ಗಂಡಿ ಎಂಬ ಸೀಮೆಯಿದೆ. ಅಲ್ಲಿಯ ಡಿಜೋನ್ ಪಟ್ಟಣದಿಂದ ದಕ್ಷಿಣಕ್ಕೆ, ಬೋನ್ ಪಟ್ಟಣವನ್ನೂ ದಾಟಿ, ಸುಮಾರು 50 ಕಿಲೋಮೀಟರ್ ಉದ್ದದ ಒಂದು ಸುಣ್ಣಕಲ್ಲಿನ ದಿಬ್ಬ ಹಬ್ಬಿದೆ. ಕೋಟ್ ದೋರ್ ಎಂದು ಅದರ ಹೆಸರು. ದಿಬ್ಬದ ಪೂರ್ವದ ಇಳಿಜಾರಿನಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ, ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯ ತೋಟಗಳಿವೆ. ಲೋಕದ ಧನಿಕರು ಪೈಪೋಟಿಯ ಮೇಲೆ ಕೊಳ್ಳುವ ಕೆಂಪು ದ್ರಾಕ್ಷಾರಸ ಇಲ್ಲಿಯದು. ಗೋಡೆ, ಬದು, ಕಾಲುದಾರಿಗಳು ಆ ಇಳಿಜಾರನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿವೆ. ಪ್ರತಿ ತುಂಡಿಗೂ ಒಂದು ಹೆಸರು, ಪ್ರತಿ ತುಂಡಿಗೂ ಒಂದು ದರ್ಜೆ. ಇಂಥ ತುಂಡನ್ನು ಅಲ್ಲಿಯವರು 'ಕ್ಲಿಮಾ' ಎಂದು ಕರೆಯುತ್ತಾರೆ. ಇಂಥ 1247 ಕ್ಲಿಮಾಗಳನ್ನು 2015ರ ಜುಲೈ 4ರಂದು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅಂದಿನಿಂದ ಈ ಸೀಮೆಯ ಹೊಗಳಿಕೆಗೆ ಮೇರೆಯೇ ಇಲ್ಲ. ಹೊಗಳುವವರೆಲ್ಲರ ಪಲ್ಲವಿ ಒಂದೇ: ಇದು ಮಣ್ಣಿನ ಮಹಿಮೆ, ಸುಣ್ಣಕಲ್ಲಿನ ಮಹಿಮೆ, ಇಳಿಜಾರಿನ ಮಹಿಮೆ. ಮನುಷ್ಯನ ಕೈಯ ಮಾತೂ ನಡುವೆ ಬರುತ್ತದೆ, ಇಲ್ಲವೆನ್ನಲಾರೆವು. ಆದರೆ ಅವರ ಬರಹದಲ್ಲಿ ಬರುವ ಆ ಮನುಷ್ಯನಿಗೆ ಕೂಲಿಯಿಲ್ಲ, ಹೊಟ್ಟೆಯಿಲ್ಲ, ಬೆನ್ನುನೋವಿಲ್ಲ. ಚಿತ್ರಪಟದಲ್ಲಿ ಬುಟ್ಟಿ ಹಿಡಿದು ನಗುವ ಬೊಂಬೆ ಅವನು. ಈ ಬೊಂಬೆಯಾಟದ ವಿರುದ್ಧವೇ ನಾವು ಇಂದು ಬರೆಯಹೊರಟಿರುವುದು.

ಕಾರ್ಮಿಕರ ಪತ್ರಿಕೆಗೆ ದ್ರಾಕ್ಷಾರಸದ ಗೊಡವೆ ಯಾಕೆ ಎಂದು ಕೆಲವರು ಕೇಳಿಯಾರು. ಕುಡಿತದಿಂದ ನಮ್ಮ ಲೈನ್ ಮನೆಗಳು ಹಾಳಾದುದನ್ನು ನಾವು ಬಲ್ಲೆವು. ಕುಡಿತದ ಪರವಾಗಿ ಒಂದಕ್ಷರವನ್ನೂ ಇಲ್ಲಿ ಬರೆಯುವುದಿಲ್ಲ. ಆದರೆ ಪೂಜೆಯಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸುವಾಗ ಗುರುಗಳು ಭೂಮಿಯನ್ನೂ ಮನುಷ್ಯನ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತಾರಲ್ಲವೇ? ಪ್ರತಿ ಭಾನುವಾರ ಕೇಳುವ ಆ ಮಾತನ್ನು ಬರ್ಗಂಡಿಯ ಹೊಗಳುಭಟ್ಟರು ಎರಡಾಗಿ ಸೀಳಿದ್ದಾರೆ. ಭೂಮಿಯನ್ನು ಪೀಠದ ಮೇಲೆ ಕೂರಿಸಿದ್ದಾರೆ, ದುಡಿಮೆಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಾರೆ. ಜಗತ್ತಿನ ಅತಿ ದುಬಾರಿ ಬೆಳೆಯ ವಿಷಯದಲ್ಲೇ ಹೀಗಾದರೆ, ಚಹಾ ಚಿಗುರು ಕೀಳುವವರ ಗತಿಯೇನು, ಹತ್ತಿ ಬಿಡಿಸುವವರ ಗತಿಯೇನು?

ಮಣ್ಣು ತಾನಾಗಿ ಬಂದದ್ದಲ್ಲ

ಮೊದಲು ಮಣ್ಣಿನ ಮಾತನ್ನೇ ನೋಡೋಣ. ಸುಣ್ಣಕಲ್ಲು ನೀರನ್ನು ನಿಲ್ಲಗೊಡುವುದಿಲ್ಲ, ನಿಜ. ಇಳಿಜಾರಿನ ನಡುಭಾಗದಲ್ಲಿ ಹಣ್ಣು ಚೆನ್ನಾಗಿ ಮಾಗುತ್ತದೆ, ಅದೂ ನಿಜ. ಒಂದು ಕಾಲುದಾರಿಯ ಈಚೆಯ ತೋಟದ ರಸಕ್ಕೂ ಆಚೆಯ ತೋಟದ ರಸಕ್ಕೂ ಪರಿಮಳದಲ್ಲಿ, ಸೊಗಡಿನಲ್ಲಿ ಭೇದವಿದೆ ಎಂದು ಬಲ್ಲವರು ಹೇಳುತ್ತಾರೆ, ನಾವು ಅಲ್ಲಗಳೆಯುವುದಿಲ್ಲ. ಪಿನೋ ನ್ವಾರ್ ತೆಳು ಸಿಪ್ಪೆಯ ಹಣ್ಣು. ಅದರ ರಸದ ಬಣ್ಣ ಗಾಢವಲ್ಲ, ಪರಿಮಳ ನಯ. ಹವೆ, ನೆಲ, ಆರೈಕೆ ಇವುಗಳ ಸಣ್ಣ ವ್ಯತ್ಯಾಸವೂ ಅದರಲ್ಲಿ ಎದ್ದು ಕಾಣುತ್ತದೆ.

ಆದರೆ ಇಳಿಜಾರಿನ ಮಣ್ಣು ಇಳಿಜಾರಿನಲ್ಲೇ ನಿಲ್ಲುತ್ತದೆಯೇ? ಬೆಟ್ಟದ ಬದಿಯಲ್ಲಿ ಬೇಸಾಯ ಮಾಡಿದ ಯಾರನ್ನಾದರೂ ಕೇಳಿ. ನೀಲಗಿರಿಯವರನ್ನು ಕೇಳಿ, ವಯನಾಡಿನವರನ್ನು ಕೇಳಿ. ಮಳೆ ಬಂದರೆ ಮೇಲಿನ ಮಣ್ಣು ಕೆಳಗೆ. ಬರ್ಗಂಡಿಯಲ್ಲೂ ಅದೇ ಕತೆ. ಶತಮಾನಗಳ ಕಾಲ ಅಲ್ಲಿಯ ಆಳುಗಳಿಗೆ ಚಳಿಗಾಲದ ಒಂದು ಖಾಯಂ ಕೆಲಸವಿತ್ತು: ತೋಟದ ಬುಡಕ್ಕೆ ಕೊಚ್ಚಿಬಂದ ಮಣ್ಣನ್ನು ಬೆನ್ನಬುಟ್ಟಿಗೆ ತುಂಬಿ ಮತ್ತೆ ಮೇಲಕ್ಕೆ ಹೊರುವುದು. ಸಾಲದಾದಾಗ ಬೇರೆ ಕಡೆಯ ಮಣ್ಣನ್ನು ಬಂಡಿಗಳಲ್ಲಿ ತಂದು ಸುರಿದದ್ದೂ ಉಂಟು. ತೋಟದಲ್ಲಿ ಎದ್ದ ಕಲ್ಲುಗಳನ್ನು ಆರಿಸಿ ಬದಿಗೆ ಪೇರಿಸಿದರು. ಇಂದು ಪ್ರವಾಸಿಗರು ಫೋಟೋ ಹೊಡೆದುಕೊಳ್ಳುವ ಆ ಕಲ್ಲಗೋಡೆಗಳು ಹೀಗೆ ಎದ್ದವು. ಹಾಗಾದರೆ ನೀವು ಪೂಜಿಸುವ ಆ ಮಣ್ಣು ಯಾವುದು? ಅದು ಹೊತ್ತ ಮಣ್ಣು, ಸ್ವಾಮೀ. ಬೆನ್ನು ಬಗ್ಗಿಸಿ ಹೊತ್ತ ಮಣ್ಣು.

ಇನ್ನೂ ಎರಡು ಸಾಕ್ಷಿ ಕೊಡುತ್ತೇವೆ. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹುಳು 1878ರಲ್ಲಿ ಕೋಟ್ ದೋರಿನ ಮೆರ್ಸೊ ಗ್ರಾಮದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ತೋಟಕ್ಕೆ ತೋಟವೇ ಒಣಗಿತು. ಮಹಿಮೆಯ ಮಣ್ಣು ಇದ್ದಲ್ಲೇ ಇತ್ತು; ಬಳ್ಳಿಯನ್ನು ಅದು ಉಳಿಸಲಿಲ್ಲ. ಉಳಿಸಿದ್ದು ಕಸಿಯ ಕೆಲಸ. ಹುಳುವಿಗೆ ಬಗ್ಗದ ಅಮೆರಿಕದ ಬೇರುಗಿಡಕ್ಕೆ ಪಿನೋ ಕಡ್ಡಿಯನ್ನು ಕಟ್ಟಿ, ಸತ್ತ ಬಳ್ಳಿಯನ್ನು ಅಗೆದು ತೆಗೆದು, ಒಂದೊಂದೇ ಸಸಿಯನ್ನು ಮತ್ತೆ ನೆಟ್ಟರು. ಮೊದಲು ಬಳ್ಳಿಗಳು ಗುಂಪುಗುಂಪಾಗಿ ಬೆಳೆಯುತ್ತಿದ್ದವು. ಈಗ ಕಾಣುವ ಸಾಲುಗಳು ಆ ಮರುನಾಟಿಯಿಂದ ಬಂದವು. ಅನಾದಿ ಕಾಲದ್ದು ಎಂದು ತೋರಿಸುವ ತೋಟದ ಬೇರು ಅಮೆರಿಕದ್ದು, ಸಾಲು ಕೂಲಿಯಾಳಿನದು.

ಎರಡನೆಯ ಸಾಕ್ಷಿ ರೊಮಾನೇ-ಕೊಂಟಿ ತೋಟ. ವೋನ್-ರೊಮಾನೇ ಗ್ರಾಮದ ಈ ತೋಟದ ವಿಸ್ತೀರ್ಣ 1.81 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆ. ಅದರ 1945ನೇ ಇಸವಿಯ ಒಂದೇ ಒಂದು ಬಾಟಲಿ 2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ಅಂಥ ಬೆಲೆ ಯಾಕೆ? ಆ ವರ್ಷ ತಯಾರಾದದ್ದು ಸುಮಾರು 600 ಬಾಟಲಿ ಮಾತ್ರ. ಅಷ್ಟು ಕಡಿಮೆ ಯಾಕಾಯಿತು? ಹುಳುವಿನ ವಿರುದ್ಧ ಔಷಧ ಹಾಕಿ ಹಾಕಿ ಅಲ್ಲಿಯ ಹಳೆಯ ಬಳ್ಳಿಯನ್ನು ಕಸಿಯಿಲ್ಲದೆಯೇ ಉಳಿಸಿಕೊಂಡಿದ್ದರು. ಯುದ್ಧದ ವರ್ಷಗಳಲ್ಲಿ ಔಷಧವೂ ಸಾಲದೆ, ಆಳೂ ಸಾಲದೆ ಬಳ್ಳಿ ಸೊರಗಿತು. ಆ ವರ್ಷದ ಕೊಯ್ಲಿನ ತರುವಾಯ ಅದನ್ನು ಕಿತ್ತುಹಾಕಿದರು. 1947ರಲ್ಲಿ ಹೊಸದಾಗಿ ನೆಟ್ಟರು. 1952ರವರೆಗೆ ಆ ಹೆಸರಿನ ಬಾಟಲಿಯೇ ಹೊರಬರಲಿಲ್ಲ. ಮಣ್ಣು ಅದೇ, ದಿಬ್ಬ ಅದೇ, ಬಿಸಿಲು ಅದೇ. ಕೈ ತಪ್ಪಿದ ಕೂಡಲೇ ಮಹಿಮೆಯೂ ತಪ್ಪಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮಠದ ಕತೆಯ ಇನ್ನೊಂದು ಮುಖ

ಬರ್ಗಂಡಿಯ ಪರಂಪರೆಯನ್ನು ಸನ್ಯಾಸಿಗಳು ಕಟ್ಟಿದರು ಎಂಬುದು ಮತ್ತೊಂದು ಪಲ್ಲವಿ. ಕ್ರೈಸ್ತರಾದ ನಮಗೆ ಈ ಮಾತು ಕೇಳಲು ಇಂಪು. ಆದುದರಿಂದಲೇ ಇದನ್ನು ನಾವೇ ಪರೀಕ್ಷಿಸಬೇಕು. 1098ರಲ್ಲಿ ಡಿಜೋನಿನ ದಕ್ಷಿಣಕ್ಕೆ ಜೌಗುನೆಲದ ಕಾಡಿನಲ್ಲಿ ಸಿತೋ ಮಠ ಸ್ಥಾಪನೆಯಾಯಿತು. ಬಡತನ, ಪ್ರಾರ್ಥನೆ, ಕೈದುಡಿಮೆ ಇವು ಅವರ ವ್ರತ. ಮುಂದಿನ ಶತಮಾನಗಳಲ್ಲಿ ದಾನವಾಗಿ ಬಂದ ನೆಲವನ್ನು ಕೂಡಿಸಿ, ಕೊಂಡು, ಕಲ್ಲಗೋಡೆ ಕಟ್ಟಿ ಕ್ಲೋ ದ ವೂಜೋ ಎಂಬ 50 ಹೆಕ್ಟೇರಿನ ತೋಟವನ್ನು ಮಾಡಿದರು. ಇದೇ ಸಭೆಯ ತಾರ್ ಕನ್ಯಾಮಠದವರು 1141ರಲ್ಲಿ ಪಡೆದ ತೋಟ ಇಂದಿಗೂ ಕ್ಲೋ ದ ತಾರ್ ಎಂದೇ ಪ್ರಸಿದ್ಧ. ಇದೆಲ್ಲ ನಿಜ, ಗೌರವಕ್ಕೆ ಯೋಗ್ಯ.

ಆದರೆ ಆ ಮಠದಲ್ಲಿ ಎರಡು ಬಗೆಯ ಸಹೋದರರಿದ್ದರು. ಗಾನಪೀಠದಲ್ಲಿ ಕುಳಿತು ಕೀರ್ತನೆ ಹಾಡುವ ಸನ್ಯಾಸಿಗಳು ಒಂದು ಬಗೆ. ಹೊಲ, ತೋಟ, ದನಕರುಗಳ ಭಾರವನ್ನು ಹೊತ್ತ ದುಡಿಮೆಯ ಸಹೋದರರು ಇನ್ನೊಂದು ಬಗೆ. ಈ ಎರಡನೆಯವರಿಗೆ ಮಲಗುವ ಕೋಣೆ ಬೇರೆ, ಊಟದ ಮನೆ ಬೇರೆ, ದೇವಾಲಯದಲ್ಲಿ ನಿಲ್ಲುವ ಜಾಗವೂ ಬೇರೆ. ಮಠಾಧಿಪತಿಯನ್ನು ಆರಿಸುವಾಗ ಅವರಿಗೆ ಮತವಿರಲಿಲ್ಲ. ಅವರ ಕೈಗೆ ಪುಸ್ತಕ ಕೊಡಬಾರದು, ನಾಲ್ಕು ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿದರೆ ಸಾಕು ಎಂಬ ನಿಯಮವೂ ಇತ್ತು. ಬರೆಯಲು ಬಾರದವನ ಹೆಸರನ್ನು ಬೇರೆಯವರು ಬರೆಯಬೇಕು. ಬರೆಯದಿದ್ದರೆ ಅವನು ಇರಲೇ ಇಲ್ಲ. ಸನ್ಯಾಸಿಗಳು ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿ ತೋಟದ ಮೇರೆ ಗುರುತಿಸಿದರು ಎಂಬ ಚೆಂದದ ದಂತಕತೆಯನ್ನು ಇಂದಿಗೂ ಹೇಳುತ್ತಾರೆ. ವರ್ಷಗಟ್ಟಲೆ ಅದೇ ಸಾಲಿನಲ್ಲಿ ಬಗ್ಗಿ ನಡೆದವನಿಗೆ ಯಾವ ಮೂಲೆಯಲ್ಲಿ ಹಣ್ಣು ಮೊದಲು ಮಾಗುತ್ತದೆ ಎಂಬುದು ನಾಲಗೆಯಿಲ್ಲದೆಯೇ ಗೊತ್ತಿರುತ್ತದೆ. ಆ ತಿಳಿವಳಿಕೆ ಅವನದು. ಹೆಸರು ಮಾತ್ರ ಮಠದ್ದು.

ರಾಜರ ಕತೆಯೂ ಹೀಗೆಯೇ. 1395ರಲ್ಲಿ ಧೀರ ಫಿಲಿಪ್ ಎಂಬ ಬಿರುದಿನ ಬರ್ಗಂಡಿಯ ಡ್ಯೂಕನು ಗಾಮೇ ಎಂಬ ದ್ರಾಕ್ಷಿಯ ಬಳ್ಳಿಗಳನ್ನೆಲ್ಲ ಕಡಿದು ಕಿತ್ತುಹಾಕುವಂತೆ ಆಜ್ಞೆ ಮಾಡಿದನು. ಪಿನೋದ ಮಾನ ಉಳಿಸಿದ ಪುಣ್ಯಾತ್ಮನೆಂದು ಅವನನ್ನು ಇಂದಿಗೂ ಕೊಂಡಾಡುತ್ತಾರೆ. ಆದರೆ ಬಡ ಬೇಸಾಯಗಾರ ಗಾಮೇಯನ್ನು ಯಾಕೆ ನೆಟ್ಟಿದ್ದ? ಅದು ಬೇಗ ಮಾಗುತ್ತದೆ, ಹೆಚ್ಚು ಇಳುವರಿ ಕೊಡುತ್ತದೆ. ಪ್ಲೇಗು ಬಂದು ಊರುಗಳು ಬರಿದಾದ ಆ ಶತಮಾನದಲ್ಲಿ ಕಡಿಮೆ ಕೈಗಳಿಂದ ಹೊಟ್ಟೆ ತುಂಬುವ ಬೆಳೆ ಬೇಕಾಗಿತ್ತು. ಪಿನೋ ಉಳಿಯಿತು, ಒಳ್ಳೆಯದೇ ಆಯಿತೆನ್ನಿ. ಅದರ ಬೆಲೆಯನ್ನು ತೆತ್ತವರು ಯಾರು ಎಂದು ಮಾತ್ರ ಕೇಳುತ್ತೇವೆ.

ಧರ್ಮದ ಹಾದಿಯಲ್ಲಿ ನಡೆದ ಒಂದು ಕೆಲಸವನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಮೆಚ್ಚಬೇಕು. 1443ರಲ್ಲಿ ಡ್ಯೂಕನ ಮಂತ್ರಿ ನಿಕೊಲಾ ರೋಲಾಂ ಮತ್ತು ಅವನ ಪತ್ನಿ ಗೀಗೋನ್ ದ ಸಲಾಂ ಬೋನ್ ಪಟ್ಟಣದಲ್ಲಿ ಬಡ ರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿಸಿದರು. ಭಕ್ತರು ಅದಕ್ಕೆ ದ್ರಾಕ್ಷಿತೋಟಗಳನ್ನು ಬರೆದುಕೊಟ್ಟರು. 1859ರಿಂದ ಪ್ರತಿವರ್ಷ ನವೆಂಬರಿನಲ್ಲಿ ಆ ತೋಟಗಳ ರಸವನ್ನು ಪೀಪಾಯಿ ಲೆಕ್ಕದಲ್ಲಿ ಹರಾಜು ಹಾಕುತ್ತಾರೆ. ಹಣ ಆಸ್ಪತ್ರೆಗೆ ಹೋಗುತ್ತದೆ. ಹಳೆಯ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದ್ದರೂ ಧರ್ಮಕಾರ್ಯ ನಿಂತಿಲ್ಲ. ಅಲ್ಲಿಯ ಪೀಪಾಯಿಗಳಿಗೆ ದಾನಿಗಳ ಹೆಸರಿಡುತ್ತಾರೆ. ರೋಗಿಗಳ ಸೇವೆ ಮಾಡಿದ ಕನ್ಯಾಸ್ತ್ರೀಯರ ನೆನಪಿಗೂ ಒಂದು ಹೆಸರಿದೆ. ಬಹಳ ಸರಿ. ಬಳ್ಳಿ ಸವರಿದವನ ನೆನಪಿನ ಪೀಪಾಯಿ ಯಾವಾಗ?

ಎಲ್ಲಕ್ಕಿಂತ ಹಳೆಯ ಪುಸ್ತಕ ಕೂಲಿಯ ಲೆಕ್ಕದ್ದು

ಒಂದು ವಿಷಯ ತಿಳಿದಾಗ ನಮಗೆ ಬಹಳ ಸಂತೋಷವಾಯಿತು. ಓದುಗರಿಗೂ ಆಗುವುದೆಂದು ನಂಬಿದ್ದೇವೆ. ತೊಮಾ ಲಾಬೆ ಎಂಬ ಇತಿಹಾಸಕಾರರೂ ಅವರ ಸಂಗಡಿಗರೂ 2019ರಲ್ಲಿ ಬೋನ್ ಪಟ್ಟಣದ ದ್ರಾಕ್ಷಿ ಕೊಯ್ಲಿನ ದಿನಾಂಕಗಳ ಪಟ್ಟಿಯನ್ನು ಪ್ರಕಟಿಸಿದರು. 1354ರಿಂದ 2018ರವರೆಗೆ, 664 ವರ್ಷಗಳ ಪಟ್ಟಿ. ಬಿಸಿಲು ಹೆಚ್ಚಿದರೆ ಹಣ್ಣು ಬೇಗ ಮಾಗುತ್ತದೆ, ಕೊಯ್ಲು ಬೇಗ ಬರುತ್ತದೆ. ಹೀಗೆ ಈ ಪಟ್ಟಿ ಯುರೋಪಿನ ಹವಾಮಾನದ ಜಾತಕವಾಯಿತು. 1988ರಿಂದೀಚೆಗೆ ಕೊಯ್ಲು ಹಿಂದಿನ ಸರಾಸರಿಗಿಂತ 13 ದಿನ ಮುಂಚೆ ಬರುತ್ತಿದೆ ಎಂದು ಅದರಿಂದ ತಿಳಿದುಬಂತು.

ಅಷ್ಟು ಹಳೆಯ ದಿನಾಂಕಗಳು ಎಲ್ಲಿ ಸಿಕ್ಕವು? ಪಟ್ಟಣ ಸಭೆಯ ದಾಖಲೆಗಳಲ್ಲಿ ಸಿಕ್ಕವು. ಕೊಯ್ಲಿನ ಆಳುಗಳಿಗೆ ಕೂಲಿ ಕೊಟ್ಟ ಲೆಕ್ಕದ ಪುಸ್ತಕಗಳಲ್ಲಿ ಸಿಕ್ಕವು. ಇಂಥ ದಿನ ಇಷ್ಟು ಆಳು, ಇಷ್ಟು ಕೂಲಿ ಎಂದು ಗುಮಾಸ್ತ ಬರೆದಿಟ್ಟ ಸಾಲುಗಳೇ ಇಂದು ವಿಜ್ಞಾನಕ್ಕೆ ಆಧಾರ. ಬಂಧುಗಳೇ, ಇದನ್ನು ಮನಸ್ಸಿಟ್ಟು ಯೋಚಿಸಿ. ಪರಂಪರೆ ಪರಂಪರೆ ಎಂದು ಕೂಗುವ ಆ ಸೀಮೆಯ ಅತಿ ಹಳೆಯ, ಅತಿ ಉಪಯುಕ್ತ ದಾಖಲೆಗಳಲ್ಲಿ ಒಂದು ಮಸ್ಟರ್ ರೋಲ್! ಅದನ್ನು ಬಂಗಾರದ ಚೌಕಟ್ಟಿನಲ್ಲಿ ಇಡಬೇಕಾಗಿತ್ತು.

ಆ ಪಟ್ಟಿ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಕೊಯ್ಲು ಮುಂಚೆ ಬಂದರೆ ಆಳುಗಳು ತಂಪು ಹವೆ ಬಿಟ್ಟು ಬೇಸಿಗೆಯ ಬಿಸಿಲಿನಲ್ಲಿ ಬಗ್ಗಬೇಕಾಗುತ್ತದೆ. 2003ರಲ್ಲಿ ಬೋನ್ ಸುತ್ತ ಆಗಸ್ಟ್ ತಿಂಗಳಲ್ಲೇ ಕತ್ತರಿ ಹಿಡಿಯಬೇಕಾಯಿತು. ಉತ್ತರದ ಷಾಂಪೇನ್ ಸೀಮೆಯಲ್ಲಿ 2023ರ ಸೆಪ್ಟೆಂಬರಿನ ಸುಡುಬಿಸಿಲಿನ ಕೊಯ್ಲಿನಲ್ಲಿ ಹಲವು ಕೂಲಿಗಳು ಸತ್ತರು. ಅದೇ ಸುಗ್ಗಿಯಲ್ಲಿ ಅಲ್ಲಿಯ ಒಂದು ಹಳ್ಳಿಯಲ್ಲಿ ಪಶ್ಚಿಮ ಆಫ್ರಿಕದಿಂದ ಬಂದ 50ಕ್ಕೂ ಹೆಚ್ಚು ಕೂಲಿಗಳನ್ನು ಹೊಲಸು ಮನೆಯಲ್ಲಿ ಕೂಡಿಹಾಕಿದ್ದು ಪತ್ತೆಯಾಯಿತು. 2025ರ ಜುಲೈನಲ್ಲಿ ಷಾಲೋನ್ ನ್ಯಾಯಾಲಯ ಇದನ್ನು ಮನುಷ್ಯರ ಸಾಗಾಟವೆಂದೇ ತೀರ್ಮಾನಿಸಿ ಮೂವರಿಗೆ ಶಿಕ್ಷೆ ವಿಧಿಸಿತು. ಇದು ಬರ್ಗಂಡಿಯಲ್ಲಿ ನಡೆದದ್ದಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಷಾಂಪೇನಿನ ತೋಟಗಳೂ ಮಳಿಗೆಗಳೂ 2015ರ ಅದೇ ದಿನ ಅದೇ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಪರಂಪರೆಯ ಬಿರುದು ಕೂಲಿಯವನ ತಲೆಗೆ ನೆರಳಾಗುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ವರ್ಷವಿಡೀ ಬಗ್ಗಿದ ಬೆನ್ನು

ಜತ್, ಸೋಲಾಪುರದ ಕಡೆ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಮಾಡುವ ನಮ್ಮವರಿಗೆ ದ್ರಾಕ್ಷಿಯ ಕೆಲಸವನ್ನು ನಾವು ವಿವರಿಸಬೇಕಾಗಿಲ್ಲ. ಆದರೂ ಒಂದು ಭೇದ ಹೇಳುತ್ತೇವೆ. ನಮ್ಮಲ್ಲಿ ಬಳ್ಳಿ ಚಪ್ಪರದ ಮೇಲೆ. ಕೈ ಎತ್ತಿ ಕೆಲಸ. ಅಲ್ಲಿ ಬಳ್ಳಿ ಮೊಣಕಾಲಿನ ಮಟ್ಟಕ್ಕೆ. ಬೆನ್ನು ಬಗ್ಗಿಸಿ ಕೆಲಸ. ಒಂದು ಹೆಕ್ಟೇರಿಗೆ ಸುಮಾರು 10,000 ಬಳ್ಳಿ. ಚಳಿಗಾಲದ ಕೊರೆಯುವ ಗಾಳಿಯಲ್ಲಿ ಒಂದೊಂದು ಬಳ್ಳಿಯ ಮುಂದೆಯೂ ಬಗ್ಗಿ, ಯಾವ ಕಡ್ಡಿ ಉಳಿಯಬೇಕು, ಯಾವುದು ಹೋಗಬೇಕು ಎಂದು ನೋಡಿ ಕತ್ತರಿಸಬೇಕು. ವಸಂತದಲ್ಲಿ ಕಡ್ಡಿಯನ್ನು ತಂತಿಗೆ ಬಾಗಿಸಿ ಕಟ್ಟಬೇಕು. ಬೇಡದ ಚಿಗುರು ಮುರಿಯಬೇಕು, ಎಲೆ ತೆಗೆಯಬೇಕು. ಹೂ ಬಿಟ್ಟ ಮೇಲೆ ಸುಮಾರು 100 ದಿನಕ್ಕೆ ಕೊಯ್ಲು. ಹೆಸರಾಂತ ತೋಟಗಳಲ್ಲಿ ಇಂದಿಗೂ ಕೊಯ್ಲು ಕೈಯಿಂದಲೇ. ಇಷ್ಟು ಹೆಕ್ಟೇರಿಗೆ ಇಷ್ಟು ಎಂದು ಗುತ್ತಿಗೆಗೆ ದುಡಿಯುವ ಆಳುಗಳು ಅಲ್ಲಿಯೂ ಇದ್ದಾರೆ. ಗುತ್ತಿಗೆಯ ಕೂಲಿಗೆ ಗಡಿಯಾರವಿಲ್ಲ. ದೇಹ ಸೋತಾಗಲೇ ಸಂಜೆ.

ಔಷಧದ ಮಾತು ಬೇರೆ. ಬಳ್ಳಿಯ ರೋಗಕ್ಕೆ ಬಳಸುತ್ತಿದ್ದ ಸೋಡಿಯಂ ಆರ್ಸೆನೈಟ್ ಎಂಬ ಪಾಷಾಣವನ್ನು ಫ್ರಾನ್ಸ್ ನಿಷೇಧಿಸಿದ್ದು 2001ರಲ್ಲಿ. ಕೀಟನಾಶಕಗಳ ನಡುವೆ ದುಡಿದವರಿಗೆ ಬರುವ ಪಾರ್ಕಿನ್ಸನ್ ನಡುಕದ ಕಾಯಿಲೆಯನ್ನು ಕೃಷಿ ಕಾರ್ಮಿಕರ ವೃತ್ತಿರೋಗವೆಂದು ಅಲ್ಲಿಯ ಸರ್ಕಾರ ಒಪ್ಪಿದ್ದು 2012ರಲ್ಲಿ. ರಸದ ಬಣ್ಣ, ಪರಿಮಳ, ರುಚಿಗೆ ನೂರು ಪದಗಳನ್ನು ಹುಡುಕಿದವರಿಗೆ ಈ ನಡುಗುವ ಕೈಗೆ ಒಂದು ಪದ ಹುಡುಕಲು ಇಷ್ಟು ಕಾಲ ಬೇಕಾಯಿತು.

ಉಳುವವನೇ ಒಡೆಯನಾಗಿದ್ದ ಕಾಲ

ಈಗ ಒಡೆತನದ ಮಾತಿಗೆ ಬರೋಣ. ಫ್ರೆಂಚ್ ಕ್ರಾಂತಿಯ ಸರ್ಕಾರ ಮಠಗಳ ತೋಟಗಳನ್ನು ಮುಟ್ಟುಗೋಲು ಹಾಕಿಕೊಂಡು 1791ರ ಸುಮಾರಿಗೆ ಹರಾಜು ಹಾಕಿತು. ಕೊಂಡವರಲ್ಲಿ ಹೆಚ್ಚಿನವರು ಹಣವಿದ್ದ ಪೇಟೆಯವರು. ಮಠದ ಆಳು ಸಾಹುಕಾರನ ಆಳಾದನು, ಅಷ್ಟೇ. ಆದರೆ ಹುಳು ಬಿದ್ದು ತೋಟಗಳು ಒಣಗಿದಾಗ, ಅದರ ಬೆನ್ನಿಗೇ ಮಹಾಯುದ್ಧ, 1930ರ ದಶಕದ ಮುಗ್ಗಟ್ಟು ಬಂದಾಗ, ನೆಲದ ಬೆಲೆ ಕುಸಿಯಿತು. ಸಾಹುಕಾರರು ಕೈಬಿಟ್ಟ ತುಂಡುಗಳನ್ನು ಅದೇ ಬಳ್ಳಿ ಸವರುತ್ತಿದ್ದವರು ಕೂಡಿಟ್ಟ ಕಾಸಿನಿಂದ ಒಂದೊಂದಾಗಿ ಕೊಂಡರು. ಕೋರಿಗೆ ಮಾಡುತ್ತಿದ್ದವರು ಒಡೆಯರಾದರು.

ಆಗ ಏನಾಯಿತು? ತೋಟ ಕೆಟ್ಟಿತೇ? ಅದಕ್ಕೆ ಮೊದಲು ವ್ಯಾಪಾರಿಗಳು ಪೀಪಾಯಿ ಕೊಂಡು, ಬೇರೆ ಸೀಮೆಯ ಅಗ್ಗದ ರಸವನ್ನು ಬೆರಸಿ, ಬರ್ಗಂಡಿಯ ದೊಡ್ಡ ಹೆಸರಿನಲ್ಲಿ ಮಾರುತ್ತಿದ್ದರು. ಈ ಮೋಸಕ್ಕೆ ಎದುರು ನಿಂತವರು ಬೆಳೆಗಾರರು. ನುಯಿ-ಸಾಂ-ಜಾರ್ಜ್ ಊರಿನ ಆನ್ರಿ ಗೂಜ್ ಅಂಥವರಲ್ಲಿ ಒಬ್ಬರು. ವ್ಯಾಪಾರಿಗಳ ಸಿಟ್ಟಿಗೆ ಜಗ್ಗದೆ ತಮ್ಮ ರಸವನ್ನು ತಾವೇ ಬಾಟಲಿಗೆ ತುಂಬಿ ತಮ್ಮ ಹೆಸರಿನಲ್ಲೇ ಮಾರತೊಡಗಿದರು. ಇಂಥವರ ಒತ್ತಾಯ, ಹೋರಾಟಗಳಿಂದಲೇ ಊರ ಹೆಸರನ್ನು ಕಾಯುವ 1935ರ ಕಾನೂನು ಬಂತು. ಇಂದು ಜಗತ್ತು ಮೆಚ್ಚುವ ಶುದ್ಧ ಬರ್ಗಂಡಿ ಹುಟ್ಟಿದ್ದು ಹೀಗೆ. ಉಳುವವನೇ ಹೊಲದೊಡೆಯ ಎಂದು ನಮ್ಮ ನಾಡಿನಲ್ಲಿ ಕೂಗು ಎದ್ದಿತ್ತಲ್ಲ, ಅದು ಒಂದಷ್ಟು ಮಟ್ಟಿಗೆ ನಿಜವಾದ ಕಾಲದಲ್ಲೇ ಆ ಸೀಮೆಯ ಮಾನವೂ ಉಳಿಯಿತು. ಧನಿಕರ ಕೈಗೆ ಹೋದರೆ ಮಾತ್ರ ಪರಂಪರೆ ಉಳಿಯುತ್ತದೆ ಎನ್ನುವವರಿಗೆ ಇದೇ ನಮ್ಮ ಉತ್ತರ.

ಇಂದಿನ ಸ್ಥಿತಿ ತಿರುಗುಮುರುಗು. 2012ರಲ್ಲಿ ಜೆವ್ರೆ-ಷಾಂಬರ್ತಾಂ ಗ್ರಾಮದ ಹಳೆಯ ಕೋಟೆಮನೆ, ಅದರ ತೋಟ ಮಾರಾಟಕ್ಕೆ ಬಂತು. ಊರಿನ ಬೆಳೆಗಾರರ ಸಂಘ ಸೇರಿ 50 ಲಕ್ಷ ಯೂರೋ ಕೊಡಲು ಮುಂದಾಯಿತು. ಮಕಾವಿನ ಜೂಜಿನ ವ್ಯಾಪಾರಿಯೊಬ್ಬರು 80 ಲಕ್ಷಕ್ಕೆ ಕೊಂಡರು. ಪರದೇಶಿ ಬಂದ ಎಂದು ದೊಡ್ಡ ಗದ್ದಲವಾಯಿತು. 2014ರಲ್ಲಿ ಫ್ರಾನ್ಸಿನದೇ ಎಲ್‌ವಿಎಂಎಚ್ ಎಂಬ ವಿಲಾಸವಸ್ತುಗಳ ಕಂಪನಿ ಕ್ಲೋ ದೆ ಲಾಂಬ್ರೇ ತೋಟವನ್ನು ಕೊಂಡಿತು. 2017ರಲ್ಲಿ ಇನ್ನೊಬ್ಬ ಫ್ರೆಂಚ್ ಕೋಟ್ಯಧೀಶ ಪಿನೋ ಅವರ ಕುಟುಂಬದ ಆರ್ಟೆಮಿಸ್ ಕಂಪನಿ, ಕನ್ಯಾಸ್ತ್ರೀಯರು 1141ರಲ್ಲಿ ಪಡೆದಿದ್ದ ಆ ಕ್ಲೋ ದ ತಾರ್ ತೋಟವನ್ನು ಕೊಂಡಿತು. ಕೊಳ್ಳುವವನ ಮೈಬಣ್ಣ ಯಾವುದು ಎಂದು ಚರ್ಚಿಸುವುದು ದಾರಿ ತಪ್ಪಿಸುವ ಕೆಲಸ. ಬಳ್ಳಿ ಸವರುವವನಿಗೆ ಮಕಾವೂ ದೂರ, ಪ್ಯಾರಿಸೂ ದೂರ.

ಲೆಕ್ಕ ಹಾಕಿ ನೋಡೋಣ. ಕೋಟ್ ದೋರಿನ ಅತ್ಯುಚ್ಚ ದರ್ಜೆಯ ತೋಟದ ಸರಾಸರಿ ಬೆಲೆ ಹೆಕ್ಟೇರಿಗೆ 60 ಲಕ್ಷ ಯೂರೋ ದಾಟಿದೆ. 2025ರಲ್ಲಿ ಫ್ರಾನ್ಸಿನ ಕನಿಷ್ಠ ಕೂಲಿ ತಿಂಗಳಿಗೆ ಸುಮಾರು 1,800 ಯೂರೋ. ಕಡಿತವಿಲ್ಲದೆ ವರ್ಷಕ್ಕೆ 21,600. ಊಟ ಮಾಡದೆ, ಬಟ್ಟೆ ತೊಡದೆ, ಬಾಡಿಗೆ ಕೊಡದೆ ಅಷ್ಟನ್ನೂ ಕೂಡಿಟ್ಟರೂ ಒಂದು ಹೆಕ್ಟೇರ್ ಕೊಳ್ಳಲು 270 ವರ್ಷಕ್ಕೂ ಹೆಚ್ಚು ಬೇಕು. ಅಜ್ಜ ಕೂಡಿಟ್ಟ ಕಾಸಿನಿಂದ ಕೊಂಡ ತುಂಡನ್ನು ಮೊಮ್ಮಗ ಉಳಿಸಿಕೊಳ್ಳುವುದೂ ಕಷ್ಟ. ಇಂಥ ಬೆಲೆಯ ಮೇಲೆ ಪಿತ್ರಾರ್ಜಿತ ತೆರಿಗೆ ಹಾಕುತ್ತಾರೆ. ರಿಯಾಯಿತಿಗಳಿದ್ದರೂ ಮೇಲಿನ ಹಂತದಲ್ಲಿ ನೂರಕ್ಕೆ 45. ಅಣ್ಣತಮ್ಮಂದಿರ ಪಾಲು ಕೊಡಬೇಕು, ತೆರಿಗೆ ಕಟ್ಟಬೇಕು. ಬಾಗಿಲಲ್ಲಿ ಕೋಟ್ಯಧೀಶನ ಏಜೆಂಟ್ ಕಾದಿರುತ್ತಾನೆ. ನೆರೆಯವನ ತೋಟದ ಮೇಲೆ ಕಣ್ಣಿಟ್ಟ ಅರಸ ಅಹಾಬನ ಕತೆ ನಮಗೆ ಹೊಸದಲ್ಲ. ಅಂದು ನಾಬೋತನು ಪಿತ್ರಾರ್ಜಿತವನ್ನು ಮಾರಲೊಪ್ಪದೆ ಪ್ರಾಣ ತೆತ್ತನು. ಇಂದು ಕಲ್ಲೆಸೆಯುವವರು ಬೇಕಾಗಿಲ್ಲ, ಬೆಲೆಪಟ್ಟಿ ಸಾಕು.

ನಾವು ಕೇಳುವುದೇನು?

ಒಡೆಯನೂ ನಷ್ಟಕ್ಕೆ ಎದೆಯೊಡ್ಡುತ್ತಾನೆ ಎನ್ನುವವರಿದ್ದಾರೆ. ಆಲಿಕಲ್ಲು ಬೀಳುತ್ತದೆ, 2021ರ ಏಪ್ರಿಲಿನಲ್ಲಿ ಹಿಮ ಬಿದ್ದು ಚಿಗುರು ಸುಟ್ಟಿತು. ಒಪ್ಪಿದೆವು. ಆದರೆ ಹಿಮ ಬಿದ್ದ ವರ್ಷ ಒಡೆಯನ ಲಾಭ ಇಳಿಯುತ್ತದೆ. ಕೊಯ್ಲಿನ ಕೂಲಿಗೆ ಬರುವವನಿಗೆ ಕೆಲಸವೇ ಇಲ್ಲ. ಒಡೆಯನ ನೆಲದ ಬೆಲೆ ಆ ವರ್ಷವೂ ಏರುತ್ತಿರುತ್ತದೆ. ಕೂಲಿಯವನ ಬೆನ್ನಿನ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತದೆ. ಯಾರ ನಷ್ಟ ದೊಡ್ಡದು?

ನಾವು ಕೇಳುವುದು ದಾನವಲ್ಲ. ಮೊದಲನೆಯದು, ಯಾವ ತೋಟಕ್ಕೆ ಪರಂಪರೆಯ ಬಿರುದು ಕೊಟ್ಟರೂ ಅಲ್ಲಿಯ ಕೂಲಿ, ನೆರಳು, ನೀರು, ವಸತಿಗಳನ್ನೂ ಬಿರುದಿನ ಷರತ್ತಾಗಿ ಬರೆಯಲಿ. ಗೋಡೆ ಬಿದ್ದರೆ ಬಿರುದಿಗೆ ಕುಂದು ಎನ್ನುವವರು ಆಳು ಬಿದ್ದರೂ ಕುಂದು ಎನ್ನಲಿ. ಎರಡನೆಯದು, ನೆಲ ಬೇಸಾಯಗಾರನ ಕೈತಪ್ಪದಂತೆ ಮೊದಲು ಕೊಳ್ಳುವ ಹಕ್ಕಿರುವ ಸಂಸ್ಥೆಗಳನ್ನು ಫ್ರಾನ್ಸ್ 1960ರಲ್ಲೇ ಸ್ಥಾಪಿಸಿದೆ. ಕಂಪನಿಯ ಷೇರು ಮಾರುವ ನೆಪದಲ್ಲಿ ನೆಲ ನುಸುಳಿಹೋಗುವುದನ್ನು ತಡೆಯಲು 2021ರ ಡಿಸೆಂಬರಿನಲ್ಲಿ ಹೊಸ ಕಾನೂನನ್ನೂ ಮಾಡಿದೆ. ಆ ಕಾನೂನಿಗೆ ಹಲ್ಲು ಬರಲಿ. ತೋಟ ದೊಡ್ಡ ಕಂಪನಿಗೆ ಹೋದರೂ ಅಲ್ಲಿ ದುಡಿಯುವವರಿಗೆ ಒಂದು ಪಾಲು ಗೇಣಿಗಾದರೂ ಸಿಗಲಿ. ಮೂರನೆಯದು, ಬಾಟಲಿಯ ಮೇಲೆ ಊರ ಹೆಸರಿದೆ, ತೋಟದ ಹೆಸರಿದೆ, ಒಡೆಯನ ಹೆಸರಿದೆ. ಈ ವರ್ಷ ಈ ಬಳ್ಳಿಯನ್ನು ಸವರಿದವರು ಇಂಥವರು ಎಂದು ಇನ್ನೊಂದು ಸಾಲು ಬರೆಯಲು ಮಸಿ ಎಷ್ಟು ಬೇಕು?

ನಾವು ಬರ್ಗಂಡಿಯನ್ನು ಕಂಡವರಲ್ಲ. ಕೂಲಿ ಕೆಲಸವನ್ನು ಕಂಡವರು, ಮಾಡಿದವರು. ನೀಲಗಿರಿಯ ಚಹಾದ ಡಬ್ಬಿಯ ಮೇಲೆ ಬೆಟ್ಟದ ಚಿತ್ರ ನೋಡಿದಾಗಲೆಲ್ಲ, ಬೆಟ್ಟ ಎಂದಾದರೂ ಚಿಗುರು ಕಿತ್ತಿತೇ ಎಂದು ನಮ್ಮ ಅಕ್ಕಂದಿರು ನಗುತ್ತಾರೆ. ಆ ನಗುವಿನಲ್ಲಿ ಇಡೀ ವಾದವಿದೆ. ಮಣ್ಣು ದೇವರು ಕೊಟ್ಟದ್ದು, ಎಲ್ಲರಿಗೂ ಕೊಟ್ಟದ್ದು. ಅದು ಇಳಿಜಾರಿನಿಂದ ಕೊಚ್ಚಿಹೋದಾಗ ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲಿಟ್ಟವರು ಕೂಲಿಯಾಳುಗಳು. ಪರಂಪರೆಯ ಸನ್ನದಿನಲ್ಲಿ ಅವರ ಕೂಲಿಯೂ ಅವರ ಹಕ್ಕೂ ಸೇರುವ ತನಕ ಆ ಸನ್ನದು ಪೂರ್ತಿಯಾಗಿಲ್ಲ ಎಂದೇ ನಾವು ಹೇಳುತ್ತೇವೆ.